ಹುಲ್ಲುಹಾಸಿನ ಬೆಳೆಗಾರನಿಗೆ ಹಿತೋಪದೇಶ

ಕಷ್ಟಕಾಲ ಬಂದಾಗ ವ್ಯಾಪಾರಸ್ಥರಿಗೆ ಬುದ್ಧಿ ಹೇಳುವ ಬರಹವು ಅಮೆರಿಕದಲ್ಲಿ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೆಂದೇ ಎಣಿಸತಕ್ಕಷ್ಟು ಬೆಳೆದು ನಿಂತಿದೆ. ಸುಭಿಕ್ಷದ ದಿನಗಳಲ್ಲಿ ಯಾರ ಗಮನಕ್ಕೂ ಬಾರದೆ ಇದ್ದು, ಬ್ಯಾಂಕೊಂದು ಮುಳುಗಿತೆಂಬ ವಾರ್ತೆ ಹಬ್ಬಿದೊಡನೆಯೇ ವೃತ್ತಿಪತ್ರಿಕೆಗಳ ಅಂಕಣಗಳಲ್ಲಿಯೂ, ಸಂಘಗಳ ವಾರ್ಷಿಕ ಸಮ್ಮೇಳನಗಳ ಭಾಷಣಗಳಲ್ಲಿಯೂ, ಕೃಷಿ ವಿಶ್ವವಿದ್ಯಾನಿಲಯಗಳ ವಿಸ್ತರಣಾ ವಿಭಾಗಗಳು ಹಂಚುವ ಕಿರುಹೊತ್ತಗೆಗಳಲ್ಲಿಯೂ ಒಮ್ಮೆಲೇ ತಲೆಯೆತ್ತುವ ಈ ಪ್ರಕಾರವು ಯಾವ ಉದ್ಯಮವನ್ನೂ ಬಿಟ್ಟಿಲ್ಲ. ಮನೆಯ ಮುಂದಣ ಅಂಗಳಕ್ಕೆ ಹಾಸಲು ಹುಲ್ಲನ್ನು ಬೆಳೆದು ಮಾರುವ ಕೃಷಿಕರಿಗಾಗಿಯೂ ಅದರ ಒಂದು ಶಾಖೆ ಮೀಸಲಾಗಿದೆ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಸಂಸ್ಥೆಯು ದಿವಾಳಿಯ ಅರ್ಜಿ ಹಾಕಿದ ಮೇಲಿನ ಎರಡು ಮೂರು ವರ್ಷಗಳು ಈ ಶಾಖೆಯ ಸುಗ್ಗಿಯ ಕಾಲ. ಜಾಹೀರಾತನ್ನು ಕಡಿಮೆ ಮಾಡಬೇಡಿ, ಬೆಲೆಯನ್ನು ಇಳಿಸಬೇಡಿ, ಖರ್ಚಿನ ಲೆಕ್ಕವನ್ನು ಅರಿಯಿರಿ, ಹೊಸ ಗಿರಾಕಿಗಳನ್ನು ಹುಡುಕಿರಿ, ಹುಲ್ಲಿನ ಮಹಿಮೆಯನ್ನು ಲೋಕಕ್ಕೆ ಸಾರಿರಿ ಎಂದು ಮತ್ತೆ ಮತ್ತೆ ಮರುಕಳಿಸುವ ಈ ಸೂತ್ರಗಳನ್ನು ಬೆಳೆಗಾರನ ಹೊಲದಲ್ಲಿ ನಿಂತು ಪರೀಕ್ಷಿಸಿದರೆ, ಇವುಗಳಲ್ಲಿ ಸ್ವಲ್ಪ ಭಾಗ ಮಾತ್ರ ಹುಲ್ಲನ್ನು ಕಂಡವರ ಮಾತೆಂದೂ, ಉಳಿದುದೆಲ್ಲವೂ ಸಾಬೂನಿಗೂ ಪಾದರಕ್ಷೆಗೂ ಸಮನಾಗಿ ಸಲ್ಲುವ ಮಾತೆಂದೂ ನನಗೆ ತೋರುತ್ತದೆ.

ಈ ಉದ್ಯಮದ ಪರಿಚಯ ನಮ್ಮವರಿಗೆ ಕಡಿಮೆಯಾದುದರಿಂದ ಎರಡು ಮಾತು ಅಗತ್ಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಿಂದ ಮೊದಲುಗೊಂಡು, ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನ ಆಲೂಗಡ್ಡೆಯ ಹೊಲಗಳಲ್ಲಿ ಲೆವಿಟ್ ಮನೆತನದವರು ಸಾವಿರಾರು ಮನೆಗಳ ಲೆವಿಟ್‌ಟೌನನ್ನು ಕಟ್ಟಿ, ಪ್ರತಿಯೊಂದು ಮನೆಯ ಮುಂದೆಯೂ ಹುಲ್ಲುಹಾಸನ್ನಿರಿಸಿ, ಅದನ್ನು ಕ್ರಮವಾಗಿ ಕತ್ತರಿಸುತ್ತಿರುವುದು ನಿವಾಸಿಯ ಕರ್ತವ್ಯವೆಂದು ಕರಾರಿನಲ್ಲಿಯೇ ಬರೆಸಿದರು. ಅಂದಿನಿಂದ ಹುಲ್ಲುಹಾಸು ಆ ದೇಶದ ಮಧ್ಯಮವರ್ಗದ ಗೃಹಸ್ಥನ ಮರ್ಯಾದೆಗೆ ಅಂಟಿಕೊಂಡಿತು. ಬೀಜ ಬಿತ್ತಿ ಮೊಳಕೆಗಾಗಿ ಕಾಯುವ ತಾಳ್ಮೆ ಮನೆ ಕಟ್ಟಿ ಮಾರುವವನಿಗಿಲ್ಲವಾದುದರಿಂದ, ಬೆಳೆದು ನಿಂತ ಹುಲ್ಲನ್ನೇ ಬೇರು ಮಣ್ಣುಗಳ ಸಹಿತ ಸೀಳಿ ತಂದು ಹಾಸುವ ವ್ಯಾಪಾರ ವೃದ್ಧಿಗೊಂಡು, 1967ರಲ್ಲಿ ಅದರ ಬೆಳೆಗಾರರು ತಮ್ಮದೇ ಆದ ಸಂಘವನ್ನು ಸ್ಥಾಪಿಸಿದರು; ಟರ್ಫ್‌ಗ್ರಾಸ್ ಪ್ರೊಡ್ಯೂಸರ್ಸ್ ಇಂಟರ್‌ನ್ಯಾಷನಲ್ ಎಂಬುದು ಅದರ ಇಂದಿನ ಹೆಸರು. ಉತ್ತರದ ಶೀತಪ್ರದೇಶಗಳಲ್ಲಿ ಕೆಂಟಕಿ ಬ್ಲೂಗ್ರಾಸ್, ದಕ್ಷಿಣದಲ್ಲಿ ಬರ್ಮುಡ, ಸೇಂಟ್ ಆಗಸ್ಟೀನ್, ಜೋಯ್ಸಿಯ ಮೊದಲಾದುವು ಬೆಳೆಯುತ್ತವೆ. ಇವುಗಳಲ್ಲಿ ಬರ್ಮುಡವೆಂಬುದು ನಾವು ಭಾದ್ರಪದ ಚೌತಿಯಂದು ಗಣಪತಿಗೆ ಏರಿಸುವ ಗರಿಕೆಯೇ. ಅದಕ್ಕೂ ಆಫ್ರಿಕದ ಅದರ ದಾಯಾದಿಯೊಂದಕ್ಕೂ ಹುಟ್ಟಿದ ಸಂಕರವನ್ನು ಆರಿಸಿ, ಜಾರ್ಜಿಯದ ಟಿಫ್ಟನ್ನಿನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ 1960ರಲ್ಲಿ ಹೊರತಂದ ಟಿಫ್‌ವೇ ತಳಿಯು ದಕ್ಷಿಣದ ಆಟದ ಮೈದಾನಗಳನ್ನೂ ಅಂಗಳಗಳನ್ನೂ ದಶಕಗಳ ಕಾಲ ಆಳಿತು.

ಬೆಳೆಯ ಸ್ವಭಾವವನ್ನು ತಿಳಿಯದೆ ಅದರ ವ್ಯಾಪಾರವನ್ನು ಕುರಿತು ಮಾತನಾಡುವುದು ವ್ಯರ್ಥ. ಕೊಯ್ಲಿನ ಯಂತ್ರವು ನೆಲದೊಳಗೆ ಅಡ್ಡಲಾಗಿ ಹಾಯುವ ಅಲಗಿನಿಂದ, ಒಂದು ಅಂಗುಲಕ್ಕೂ ಕಡಿಮೆ ದಪ್ಪದ ಮಣ್ಣಿನೊಡನೆ ಹುಲ್ಲನ್ನು ಸೀಳಿ, ಚಪ್ಪಡಿಯಾಗಿಯೋ ಸುರುಳಿಯಾಗಿಯೋ ಮರದ ಪ್ಯಾಲೆಟ್ಟಿನ ಮೇಲೆ ಒಟ್ಟುತ್ತದೆ. ಹಾಗೆ ಒಟ್ಟಿದ ಒಂದು ಪ್ಯಾಲೆಟ್ಟು ಸುಮಾರು 450 ಚದರಡಿಯ ನೆಲವನ್ನು ಮುಚ್ಚುವಷ್ಟಿದ್ದು, ತೂಕದಲ್ಲಿ ಒಂದು ಟನ್ನನ್ನು ಮೀರುವುದುಂಟು. ಬೇಸಗೆಯಲ್ಲಿ ಆ ರಾಶಿಯ ನಡುವೆ ಕೈಯಿಟ್ಟರೆ ಕಾವು ತಟ್ಟುತ್ತದೆ. ಒಳಗಿನ ಹುಲ್ಲು ಇನ್ನೂ ಉಸಿರಾಡುತ್ತಲೇ ಇದ್ದು, ತನ್ನ ಶಾಖದಲ್ಲಿ ತಾನೇ ಬೇಯುತ್ತ, ಒಂದು ದಿನ ಕಳೆದರೆ ಹಳದಿಗೆ ತಿರುಗಿ ಇನ್ನೊಂದು ದಿನಕ್ಕೆ ಕೊಳೆಯಲು ತೊಡಗುತ್ತದೆ. ಕೊಯ್ದುದನ್ನು ಕಣಜದಲ್ಲಿ ತುಂಬಿಡುವಂತಿಲ್ಲ, ದೂರದ ಪೇಟೆಗೆ ಹೊರಿಸುವಂತಿಲ್ಲ. ಕೊಯ್ಯದೆ ಬಿಟ್ಟರೆ ಅದು ಸುಮ್ಮನಿರುವುದೂ ಇಲ್ಲ. ಗಿರಾಕಿಯಿಲ್ಲದ ಹೊಲವನ್ನೂ ಬೆಳೆಯುವ ಋತುವಿನಲ್ಲಿ ವಾರಕ್ಕೆ ಎರಡು ಮೂರು ಬಾರಿ ಕತ್ತರಿಸಬೇಕು, ನೀರುಣಿಸಬೇಕು, ಗೊಬ್ಬರ ಹಾಕಬೇಕು. ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರನ್ನು ಮುಟ್ಟಿದ 2008ರ ಜುಲೈ ತಿಂಗಳಿನಲ್ಲಿ ಡೀಸೆಲ್ಲಿಗೂ ಯೂರಿಯಕ್ಕೂ ಕೈ ಸುಟ್ಟುಕೊಂಡ ಬೆಳೆಗಾರನಿಗೆ, ಆ ಶರತ್ಕಾಲದಲ್ಲಿ ಮಾರಾಟವಾಗದೆ ಉಳಿದ ಪ್ರತಿಯೊಂದು ಎಕರೆಯೂ ದಿನದಿನವೂ ಹಣವನ್ನು ಬೇಡುವ ದಾಸ್ತಾನಾಗಿತ್ತು.

ಇಂತಹ ಸರಕನ್ನು ಹಿಡಿದು ಕುಳಿತವನಿಗೆ ಉಪದೇಶಕರು ಹೇಳುವ ಮೊದಲ ಮಾತೆಂದರೆ ಜಾಹೀರಾತಿನ ವೆಚ್ಚವನ್ನು ಮೊಟಕು ಮಾಡಬಾರದೆಂಬುದು. ಈ ಬಗೆಯ ಬರಹಕ್ಕೆ ಅಚ್ಚುಮೆಚ್ಚಿನ ದೃಷ್ಟಾಂತ ಕೆಲಾಗ್ ಕಂಪೆನಿಯದು. 1930ರ ದಶಕದ ಮಹಾಮುಗ್ಗಟ್ಟಿನಲ್ಲಿ, ಬೆಳಗಿನ ಉಪಾಹಾರದ ಧಾನ್ಯವನ್ನು ಡಬ್ಬದಲ್ಲಿ ಮಾರುತ್ತಿದ್ದ ಎರಡು ಸಂಸ್ಥೆಗಳ ಪೈಕಿ ಪೋಸ್ಟ್ ಎಂಬುದು ಪ್ರಚಾರವನ್ನು ತಗ್ಗಿಸಿತು, ಕೆಲಾಗ್ ಅದನ್ನು ಇಮ್ಮಡಿಗೊಳಿಸಿ ರೇಡಿಯೋದಲ್ಲಿ ಮೊಳಗಿತು, ಕೊನೆಗೆ ಕೆಲಾಗೇ ಗೆದ್ದಿತು. ಕಥೆಯೇನೋ ನಿಜ. ಆದರೆ ಮುಗ್ಗಟ್ಟು ಬಂದಿತೆಂದು ಜನ ಬೆಳಗಿನ ಹೊತ್ತು ಉಣ್ಣುವುದನ್ನು ಬಿಡಲಿಲ್ಲವಾದುದರಿಂದ, ಎರಡು ಡಬ್ಬಗಳಲ್ಲಿ ಗಿರಾಕಿಯ ಕೈ ಯಾವುದರತ್ತ ಚಾಚಬೇಕೆಂಬುದಷ್ಟೇ ಅಲ್ಲಿದ್ದ ಪ್ರಶ್ನೆ. ಹುಲ್ಲುಹಾಸಿನ ಬೇಡಿಕೆಯಾದರೋ ಹೊಸ ಮನೆಯ ಬೇಡಿಕೆಯನ್ನು ಹಿಂಬಾಲಿಸುವಂತಹುದು. 2005ರಲ್ಲಿ ಅಮೆರಿಕದಲ್ಲಿ 20 ಲಕ್ಷಕ್ಕೂ ಮಿಕ್ಕಿದ ಮನೆಗಳಿಗೆ ತಳಪಾಯ ಬಿದ್ದಿತು. 2009ರಲ್ಲಿ ಆ ಸಂಖ್ಯೆ ಸುಮಾರು ಐದೂವರೆ ಲಕ್ಷಕ್ಕೆ ಕುಸಿಯಿತು. ಕಟ್ಟದೆ ಉಳಿದ ಮನೆಯ ಮುಂದೆ ಹಾಸುವುದಕ್ಕೆ ಹುಲ್ಲನ್ನು ಮಾರಿಕೊಡಬಲ್ಲ ಬಣ್ಣದ ಚಿತ್ರಪತ್ರವನ್ನು ಇನ್ನೂ ಯಾರೂ ಅಚ್ಚು ಹಾಕಿಲ್ಲ. ಪ್ರಚಾರವನ್ನು ಹೆಚ್ಚಿಸಿಯೂ ಮುಳುಗಿದವರ ಹೆಸರುಗಳು ಇಂತಹ ದೃಷ್ಟಾಂತಮಾಲೆಗಳಲ್ಲಿ ಸೇರುವುದಿಲ್ಲವೆಂಬುದನ್ನೂ, ಈ ಉಪದೇಶವನ್ನು ಪ್ರಕಟಿಸುವ ವೃತ್ತಿಪತ್ರಿಕೆಗಳು ಬಹುಮಟ್ಟಿಗೆ ಜಾಹೀರಾತಿನ ಆದಾಯದಿಂದಲೇ ಬದುಕತಕ್ಕುವೆಂಬುದನ್ನೂ ಓದುಗನು ಮನಸ್ಸಿನಲ್ಲಿಟ್ಟುಕೊಂಡರೆ ತಪ್ಪಿಲ್ಲ.

ಬೆಲೆಯನ್ನು ಇಳಿಸಬೇಡಿರೆಂಬ ಸೂತ್ರದ ಗತಿ ಇದಕ್ಕಿಂತ ಸ್ವಲ್ಪ ಮೇಲು. ಬೆಲೆ ಒಮ್ಮೆ ಇಳಿದರೆ ಮತ್ತೆ ಏರಿಸುವುದು ದುಸ್ಸಾಧ್ಯವೆಂಬುದರಲ್ಲಿ ಸತ್ಯವಿದೆ. ಆದರೆ ನೆಟ್ಟ ಹುಲ್ಲು ಕೊಯ್ಲಿಗೆ ಬರಲು ಒಂದು ವರ್ಷವೋ ಒಂದೂವರೆ ವರ್ಷವೋ ಬೇಕಾಗುವುದರಿಂದ, 2005 ಮತ್ತು 2006ರ ಉಬ್ಬರವನ್ನು ಕಂಡು ವಿಸ್ತರಿಸಿದ ಹೊಲಗಳೆಲ್ಲ ಪೇಟೆ ಇಳಿಯತೊಡಗಿದ ವೇಳೆಗೆ ಸಿದ್ಧವಾಗಿ ನಿಂತಿದ್ದುವು. ಮೊರ್ಡೆಕಾಯ್ ಇಝೀಕಿಯಲ್ ಎಂಬ ಕೃಷಿ ಅರ್ಥಶಾಸ್ತ್ರಜ್ಞ 1938ರಲ್ಲಿಯೇ ಜೇಡರಬಲೆಯ ಸಿದ್ಧಾಂತವೆಂದು ವಿವರಿಸಿದ್ದ ಪರಿಸ್ಥಿತಿ ಇದೇ. ಅಂತಹ ಸಮಯದಲ್ಲಿ ನೆರೆಯ ಬೆಳೆಗಾರನು ಹೊಲ ತೆರವಾದರೆ ಸಾಕೆಂದು ಅಸಲಿಗಿಂತ ಕಡಿಮೆಗೆ ಕೊಟ್ಟರೆ, ಬೆಲೆಯನ್ನು ಬಿಡದೆ ಹಿಡಿದವನಿಗೆ ಉಳಿಯುವುದು ಹುಲ್ಲು ಕತ್ತರಿಸುವ ಕೂಲಿಯ ಲೆಕ್ಕ. ಎಲ್ಲರೂ ಪಾಲಿಸಿದರೆ ಮಾತ್ರ ಫಲಿಸುವ ವ್ರತ ಇದು. ಎಲ್ಲರೂ ಒಟ್ಟಿಗೆ ಕುಳಿತು ಇಂತಿಷ್ಟೇ ಬೆಲೆಯೆಂದು ಮಾತನಾಡಿಕೊಳ್ಳುವುದನ್ನು 1890ರ ಶೆರ್ಮನ್ ಕಾಯಿದೆ ಅಪರಾಧವೆಂದು ಸಾರಿದೆ. ಈ ಇಕ್ಕಟ್ಟನ್ನು ವಿವರಿಸುವ ಗೋಜಿಗೇ ಹೋಗದೆ ಧೈರ್ಯವಾಗಿರಿ ಎಂದು ಹೇಳಿ ಮುಗಿಸುವುದು ಉಪದೇಶದ ಸುಲಭಮಾರ್ಗ.

ಮೆಚ್ಚಬೇಕಾದ ಭಾಗವೂ ಇದೆ, ಮತ್ತು ಅದು ಈ ಸಾಹಿತ್ಯದಲ್ಲಿ ಅತ್ಯಂತ ನೀರಸವಾದ ಭಾಗ. ವಿಸ್ತರಣಾಧಿಕಾರಿಗಳು ಬರೆದ ಲೆಕ್ಕಪತ್ರದ ಮಾದರಿಗಳಲ್ಲಿ ಹಾಸ್ಯವಿಲ್ಲ, ಸ್ಫೂರ್ತಿಯಿಲ್ಲ. ಆದರೆ ಒಂದು ಚದರಡಿ ಹುಲ್ಲಿಗೆ ನೀರೆಷ್ಟು, ಕತ್ತರಿಸುವ ಖರ್ಚೆಷ್ಟು, ಯಂತ್ರದ ಸವಕಳಿಯೆಷ್ಟು, ಸಾಗಣೆಯೆಷ್ಟು ಎಂದು ಕಂಬಸಾಲುಗಳಲ್ಲಿ ತುಂಬಿಸುತ್ತ ಹೋದ ಬೆಳೆಗಾರನಿಗೆ, ತಾನು ದೊಡ್ಡ ಗಿರಾಕಿಯೆಂದು ಗೌರವಿಸುತ್ತಿದ್ದ ಬಿಲ್ಡರನಿಗೆ ಕೊಡುತ್ತಿದ್ದ ರಿಯಾಯಿತಿಯಲ್ಲಿ ತನ್ನ ಲಾಭವೆಲ್ಲ ಕರಗುತ್ತಿತ್ತೆಂಬುದು ಮೊದಲ ಬಾರಿಗೆ ಕಣ್ಣಿಗೆ ಬೀಳುವುದುಂಟು. ಸಾಲವಸೂಲಿಯ ಅಧ್ಯಾಯವಂತೂ ಚಿನ್ನದ ಬೆಲೆಯುಳ್ಳದ್ದು. ಫ್ಲಾರಿಡದ ಕಾನೂನಿನ ಪ್ರಕಾರ, ಗುತ್ತಿಗೆದಾರನ ಮೂಲಕ ಸರಕನ್ನು ಒದಗಿಸಿದವನು ಮೊದಲ ಸರಕು ಇಳಿಸಿದ 45 ದಿನಗಳೊಳಗೆ ಜಾಗದ ಮಾಲೀಕನಿಗೆ ನೋಟೀಸು ತಲುಪಿಸಿ, ಕೊನೆಯ ಸರಕು ಇಳಿಸಿದ 90 ದಿನಗಳೊಳಗೆ ತನ್ನ ಬಾಕಿಯನ್ನು ಆ ಆಸ್ತಿಯ ಮೇಲಿನ ಹೊರೆಯಾಗಿ ದಾಖಲಿಸಬಹುದು. ಗಡುವು ಮೀರಿದರೆ ಆ ಹಕ್ಕು ಇಲ್ಲ. ಬಿಲ್ಡರನೊಡನೆ ಬಹುಕಾಲದ ಸ್ನೇಹವಿದೆಯೆಂಬ ದಾಕ್ಷಿಣ್ಯದಿಂದ ನೋಟೀಸನ್ನು ಕಳುಹಿಸದೆ ಕುಳಿತವನು, ಆ ಸ್ನೇಹಿತ ದಿವಾಳಿಯೆದ್ದ ದಿನ, ಎಲ್ಲೋ ಬೇರು ಬಿಟ್ಟು ಹಸಿರಾಗಿರುವ ತನ್ನ ಹುಲ್ಲನ್ನು ಮರಳಿ ಕಿತ್ತು ತರಲಾರದೆ ಸಾಲಗಾರರ ಸಾಲಿನ ತುದಿಯಲ್ಲಿ ನಿಲ್ಲಬೇಕಾಗುತ್ತದೆ. ಮಾರಾಟದ ಕಲೆಯನ್ನು ಕುರಿತ ಹತ್ತು ಭಾಷಣಗಳನ್ನು ಈ ಒಂದು ಕಾಗದದ ಪಕ್ಕದಲ್ಲಿಟ್ಟರೆ ನಾನು ಕಾಗದವನ್ನೇ ಆರಿಸಿಕೊಳ್ಳುವೆನು.

ಹೊಸ ಗಿರಾಕಿಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆಟದ ಮೈದಾನ, ಶಾಲೆ, ಹೆದ್ದಾರಿಯ ಅಂಚು, ಶನಿವಾರ ತನ್ನ ಪಿಕಪ್ ಗಾಡಿಯಲ್ಲಿ ಬಂದು ಅರ್ಧ ಪ್ಯಾಲೆಟ್ಟು ಕೇಳುವ ಗೃಹಸ್ಥ, ಇವರತ್ತ ತಿರುಗಿರೆಂಬ ಸಲಹೆ ಸರಿಯಾದುದೇ. ಆ ಗೃಹಸ್ಥನು ನೀರೆಷ್ಟು ಹಾಕಬೇಕೆಂದು ಭಾನುವಾರ ದೂರವಾಣಿ ಮಾಡುವನೆಂಬುದನ್ನು ಮಾತ್ರ ಸಲಹೆಗಾರರು ಮರೆಯುತ್ತಾರೆ. ಹುಲ್ಲುಹಾಸು ಅವನಿಗೆ ಅಗತ್ಯದ ವಸ್ತುವಲ್ಲ, ಮರ್ಯಾದೆಯ ವಸ್ತುವೆಂಬುದೂ ಇಲ್ಲಿ ಗಮನಾರ್ಹ. 1899ರಷ್ಟು ಹಿಂದೆಯೇ ಥಾರ್ಸ್ಟೈನ್ ವೆಬ್ಲೆನ್ ಎಂಬ ಅರ್ಥಶಾಸ್ತ್ರಜ್ಞ, ಹುಲ್ಲುಹಾಸಿನ ಮೇಲೆ ಹಸುವನ್ನು ಮೇಯಬಿಡದಿರುವುದಕ್ಕೆ ಕಾರಣ ಹಸು ತೀರ ಮಿತವ್ಯಯದ ಪ್ರಾಣಿಯಾಗಿ ಕಾಣುವುದೇ ಎಂದು ಹಾಸ್ಯ ಮಾಡಿದ್ದನು. ಹಸುವಿಲ್ಲದ ಹುಲ್ಲುಗಾವಲು ಸಂಸಾರದ ಆಯವ್ಯಯದಲ್ಲಿ ಮೊದಲು ಕತ್ತರಿ ಬೀಳುವ ಬಾಬತ್ತಾದುದು ಸಹಜ.

ಹುಲ್ಲಿನ ಮಹಿಮೆಯನ್ನು ಸಾರಿರೆಂಬ ಉಪದೇಶದಲ್ಲಿ ನನಗೆ ಆಕ್ಷೇಪ ಹೆಚ್ಚು. ಹುಲ್ಲುಹಾಸು ಮಣ್ಣಿನ ಕೊಚ್ಚಣೆಯನ್ನು ತಡೆಯುತ್ತದೆ, ಸುತ್ತಣ ಬಿಸಿಯನ್ನು ತಗ್ಗಿಸುತ್ತದೆ ಎಂಬುದಕ್ಕೆ ಶಾಸ್ತ್ರಾಧಾರವಿದೆ. ಬಿಯರ್ಡ್ ಮತ್ತು ಗ್ರೀನ್ ಎಂಬುವರು 1994ರಲ್ಲಿ ಪ್ರಕಟಿಸಿದ ಸಮೀಕ್ಷೆ ಉದ್ಯಮಕ್ಕೆ ಪ್ರಮಾಣಗ್ರಂಥದಂತಿದೆ. ಆದರೆ ನೀರಿನ ಮಾತು ಬಂದಾಗ ಈ ಪ್ರಚಾರದ ಧ್ವನಿ ಸಣ್ಣಗಾಗುತ್ತದೆ. ಲೇಮನ್ ಬೀಳುವುದಕ್ಕೆ ಒಂದು ವರ್ಷ ಮೊದಲೇ, 2007ರ ಸೆಪ್ಟೆಂಬರಿನಲ್ಲಿ, ಭೀಕರ ಕ್ಷಾಮಕ್ಕೆ ಸಿಕ್ಕಿದ್ದ ಜಾರ್ಜಿಯ ರಾಜ್ಯವು ತನ್ನ ಉತ್ತರಭಾಗದಲ್ಲಿ ಮನೆಯಂಗಳಕ್ಕೆ ನೀರು ಹಾಯಿಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ನವೆಂಬರಿನಲ್ಲಿ ಗವರ್ನರ್ ಸಾನಿ ಪರ್ಡ್ಯೂ ಶಾಸನಸಭಾಭವನದ ಮೆಟ್ಟಿಲ ಬಳಿ ಜನರನ್ನು ಸೇರಿಸಿ ಮಳೆಗಾಗಿ ಪ್ರಾರ್ಥಿಸಿದನು. ಹೊಸದಾಗಿ ಹಾಸಿದ ಹುಲ್ಲು ಬೇರೂರಬೇಕಾದರೆ ಮೊದಲ ವಾರಗಳಲ್ಲಿ ದಿನವೂ ನೀರು ಬೇಕು. ಆದುದರಿಂದ ಸಾಮಾನ್ಯ ಗಿರಾಕಿಯ ಮಟ್ಟಿಗೆ ನೀರಿನ ನಿಷೇಧವೇ ಹುಲ್ಲಿನ ನಿಷೇಧ. 2015ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಜೆರ್ರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಶೇಕಡ 25ರಷ್ಟು ತಗ್ಗಿಸಬೇಕೆಂದು ಆಜ್ಞಾಪಿಸಿ, ಐದು ಕೋಟಿ ಚದರಡಿ ಹುಲ್ಲುಹಾಸನ್ನು ತೆಗೆಯಿಸುವ ಗುರಿಯಿಟ್ಟಾಗ, ಹುಲ್ಲು ಕೀಳಲು ಸಹಾಯಧನವೇ ದೊರೆಯುವ ಕಾಲ ಬಂದಿತು. ಈ ಕಡೆಯಿಂದ ನೋಡಿದರೆ ಟಿಫ್ಟನ್ನಿನ ವಿಜ್ಞಾನಿಗಳು ಬರವನ್ನು ತಾಳಬಲ್ಲ ಗರಿಕೆಯನ್ನು 1990ರ ದಶಕದಿಂದ ಸಾವಧಾನವಾಗಿ ಆರಿಸುತ್ತ ಬಂದು ಟಿಫ್‌ಟಫ್ ಎಂಬ ತಳಿಯನ್ನು ಕೊಟ್ಟುದು, ಯಾವ ಪ್ರಚಾರಕನೂ ಮಾಡಲಾರದ ವ್ಯಾಪಾರಸೇವೆ.

ಈ ಉಪದೇಶಸಾಹಿತ್ಯದಲ್ಲಿ ನಾನು ಹುಡುಕಿದ ಒಂದು ಅಧ್ಯಾಯವಿದೆ: ಹೊಲದ ಎಷ್ಟು ಭಾಗವನ್ನು, ಯಾವ ಹಂತದಲ್ಲಿ, ಉತ್ತು ಮಣ್ಣಿಗೆ ಸೇರಿಸಿ ಬೇರೆ ಬೆಳೆಗೆ ತಿರುಗಬೇಕೆಂಬುದು. ಕಷ್ಟಕಾಲದಲ್ಲಿ ಬೆಳೆಗಾರನು ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ಇದನ್ನೇ. ಉಪದೇಶಕರು ಇದನ್ನು ಸೋಲಿನ ಮಾತೆಂದೋ ಏನೋ ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ ನೆಲ ಯಾರದೆಂದು ಕೇಳಬೇಕಾಗುತ್ತದೆ. ಸಾಲವಿಲ್ಲದ ಸ್ವಂತ ನೆಲದವನು ನಾಲ್ಕು ವರ್ಷ ಜೋಳವನ್ನೋ ಸೋಯಾವನ್ನೋ ಬೆಳೆದು, ಮನೆ ಕಟ್ಟುವವರು ಮರಳಿ ಬರುವವರೆಗೆ ಕಾಯಬಲ್ಲನು. ನಗರದ ಅಂಚಿನಲ್ಲಿ ದುಬಾರಿ ಗೇಣಿ ಕಟ್ಟಿ, ಹುಲ್ಲಿಗಲ್ಲದೆ ಬೇರಾವುದಕ್ಕೂ ಒದಗದ ಕೊಯ್ಲುಯಂತ್ರವನ್ನು ಸಾಲದಲ್ಲಿ ಕೊಂಡವನಿಗೆ ಆ ಅವಕಾಶವಿಲ್ಲ. ಈ ಇಬ್ಬರಿಗೂ ಒಂದೇ ಸಲಹೆಯನ್ನು ಒಂದೇ ವೇದಿಕೆಯಿಂದ ಕೊಡುವ ಪದ್ಧತಿ ಇನ್ನೂ ನಡೆಯುತ್ತಿದೆ. ಇನ್ನು ಮುಂದೆ ಬರೆಯುವವರು ಗೇಣಿದಾರನಿಗೆ ಒಂದು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟು, ಅದನ್ನು ಜಾಹೀರಾತಿನ ಅಧ್ಯಾಯಕ್ಕಿಂತ ಮೊದಲು ಅಚ್ಚು ಹಾಕಿಸಬೇಕು.