ಅಳತೆಗೋಲು ಮತ್ತು ಅಧ್ಯಾಪಕ: ಬಿ.ಎಡ್. ವಿನಿಯಮಗಳ ಒಂದು ವಿಮರ್ಶೆ

ಗ್ರಂಥವಿಮರ್ಶೆಯ ಪುಟಗಳಲ್ಲಿ ಸರಕಾರದ ಗೆಜೆಟ್ಟೊಂದನ್ನು ಎತ್ತಿಕೊಂಡುದಕ್ಕೆ ಕಾರಣ ಹೇಳುವುದು ಯುಕ್ತ. ಪುರಾಣವಾಗಲಿ ಸಿದ್ಧಾಂತಗ್ರಂಥವಾಗಲಿ ಓದುವವರನ್ನು ಮಾತ್ರ ಮುಟ್ಟುತ್ತದೆ. ಆದರೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 2014ರ ಕೊನೆಯಲ್ಲಿ ಹೊರಡಿಸಿದ ವಿನಿಯಮಗಳು ಅವುಗಳ ಹೆಸರನ್ನೇ ಕೇಳದವರ ಮನೆಯನ್ನೂ ತಲುಪಿವೆ. ನಮ್ಮ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುವವರು ಯಾರು, ಅವರು ಎಷ್ಟು ಕಾಲ ಏನನ್ನು ಕಲಿತು ಬಂದಿರಬೇಕು ಎಂಬುದನ್ನು ನಿರ್ಣಯಿಸಿದ ಪಠ್ಯವಿದು. ಶಾಲೆಗಳನ್ನು ನಡೆಸುವ ನಮ್ಮ ಬಸದಿ ಟ್ರಸ್ಟುಗಳವರಾದರೂ ಇದನ್ನು ಓದಿದ್ದಾರೆಯೇ ಎಂಬುದು ನನ್ನ ಸಂದೇಹ.

ಹಿನ್ನೆಲೆ ಸಂಕ್ಷೇಪವಾಗಿ ಹೀಗಿದೆ. ಪರಿಷತ್ತಿಗೆ ಶಾಸನಬಲ ಬಂದುದು 1993ರ ಅಧಿನಿಯಮದಿಂದ. ಅದು ಕಾರ್ಯರೂಪಕ್ಕೆ ಬಂದುದು 1995ರಲ್ಲಿ. ಅನಂತರದ ವರ್ಷಗಳಲ್ಲಿ ಖಾಸಗಿ ಬಿ.ಎಡ್. ಮತ್ತು ಡಿ.ಎಡ್. ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಈ ಅವ್ಯವಸ್ಥೆಯನ್ನು ಪರಿಶೀಲಿಸಲು ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ರಚಿಸಿತು. 2012ರ ಆಗಸ್ಟಿನಲ್ಲಿ ಬಂದ ಅದರ ವರದಿಯು, ಸೇವಾಪೂರ್ವ ತರಬೇತಿ ನೀಡುವ ಸಂಸ್ಥೆಗಳಲ್ಲಿ ಶೇಕಡಾ 90ರಷ್ಟು ಸರಕಾರೇತರ ವಲಯದಲ್ಲಿವೆಯೆಂದು ತೋರಿಸಿತು. ಆ ವರದಿಯ ಫಲವೇ 2014ರ ವಿನಿಯಮ.

ವಿನಿಯಮದ ಗುಣಗಳನ್ನು ಮೊದಲು ಹೇಳಬೇಕು. ಅದುವರೆಗೆ ಒಂದು ವರ್ಷದ್ದಾಗಿದ್ದ ಬಿ.ಎಡ್. ಎರಡು ವರ್ಷದ್ದಾಯಿತು. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ವಾರಕ್ಕೆ 36 ಗಂಟೆಗಳು ವಿಧಿಸಲ್ಪಟ್ಟವು. ತರಗತಿಯಲ್ಲಿ ಶೇಕಡಾ 80, ಶಾಲಾ ಇಂಟರ್ನ್‌ಷಿಪ್‌ನಲ್ಲಿ ಶೇಕಡಾ 90 ಹಾಜರಿ ಬೇಕೆಂದಾಯಿತು. ಎಲ್ಲಕ್ಕಿಂತ ಮುಖ್ಯವಾದುದು, ಪ್ರಶಿಕ್ಷಣಾರ್ಥಿಯು ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ ನಿಜವಾದ ಶಾಲೆಯೊಂದರಲ್ಲಿ ಇರಬೇಕೆಂಬ ನಿಯಮ. ಹಳೆಯ ಪದ್ಧತಿಯಲ್ಲಿ ಪಾಠಯೋಜನೆಯ ಪುಸ್ತಕ ತುಂಬಿಸಿ, ಎಣಿಸಿದಷ್ಟು ಅಭ್ಯಾಸಪಾಠಗಳನ್ನು ಒಪ್ಪಿಸಿ ಬಂದವರು ಶಿಕ್ಷಕರೆನಿಸಿಕೊಳ್ಳುತ್ತಿದ್ದರು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆಯೇ ಸರಿ.

ಈ ಕ್ರಮವು ನಮ್ಮ ಪರಂಪರೆಗೆ ಹೊಸದಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಐದು ಬಗೆಯಾಗಿ ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಪರರಿಗೆ ಹೇಳುವುದು ಕಟ್ಟಕಡೆಗೆ ಬಂದಿದೆಯೆಂಬುದನ್ನು ಓದುಗರು ಗಮನಿಸಬೇಕು. ಅದಕ್ಕೆ ಮುಂಚೆ ಓದಬೇಕು, ಸಂದೇಹ ಬಂದಲ್ಲಿ ಕೇಳಬೇಕು, ಕೇಳಿದ್ದನ್ನು ಮನಸ್ಸಿನಲ್ಲಿ ಮಥಿಸಬೇಕು, ಮತ್ತೆ ಮತ್ತೆ ಉರುಹೊಡೆದು ಶುದ್ಧಗೊಳಿಸಿಕೊಳ್ಳಬೇಕು. ಪಂಚಪರಮೇಷ್ಠಿಗಳಲ್ಲಿ ನಾಲ್ಕನೆಯವರಾದ ಉಪಾಧ್ಯಾಯರಿಗೆ ಹೇಳಿರುವ 25 ಮೂಲಗುಣಗಳಾದರೂ ಯಾವುವು? ಹನ್ನೊಂದು ಅಂಗಗಳು ಮತ್ತು ಹದಿನಾಲ್ಕು ಪೂರ್ವಗಳ ಜ್ಞಾನವೇ. ಅಂದರೆ ಕಲಿಸುವವನ ಅರ್ಹತೆ ಅವನು ಕಲಿತದ್ದರಲ್ಲಿದೆ. ಅವನು ಕುಳಿತ ಕಟ್ಟಡದಲ್ಲಿಲ್ಲ.

ಗೆಜೆಟ್ಟಿನ ದೋಷವು ಇಲ್ಲಿಯೇ ಕಾಣಿಸಿಕೊಳ್ಳುತ್ತದೆ. 50 ಮಂದಿಯ ಪ್ರವೇಶಕ್ಕೆ 2500 ಚದರ ಮೀಟರ್ ನಿವೇಶನ, ಅದರಲ್ಲಿ 1500 ಚದರ ಮೀಟರ್ ಕಟ್ಟಡ, ಐದು ಲಕ್ಷ ರೂಪಾಯಿಯ ದತ್ತಿನಿಧಿ, ಏಳು ಲಕ್ಷದ ಮೀಸಲುನಿಧಿ, ತಲಾ 50ರ ಎರಡು ಘಟಕಗಳಿದ್ದಲ್ಲಿ ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಿಗೆ 16 ಅಧ್ಯಾಪಕರು. ಇವೆಲ್ಲ ಅಳೆಯಬಹುದಾದ ವಸ್ತುಗಳು. ಅಳೆಯಲು ಬರುವುದನ್ನು ಅಳೆದುದು ತಪ್ಪಲ್ಲ. ಆದರೆ ತಕ್ಕಡಿಯ ಮುಂದೆ ಆಯುಷ್ಯ ಕಳೆದ ವ್ಯಾಪಾರಿಗೆ ಒಂದು ಸಂಗತಿ ಗೊತ್ತಿರುತ್ತದೆ: ತೂಕದ ಕಲ್ಲಿಗೆ ಮುದ್ರೆ ಬಿದ್ದಿದ್ದರೂ ತೂಗುವ ಕೈ ಮೋಸ ಮಾಡಬಲ್ಲದು. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಬೇರೆಬೇರೆಯಾಗಿ ಎಣಿಸಿರುವುದು ಸುಮ್ಮನೆ ಅಲ್ಲ. ಕಡಿಮೆ ತೂಗುವುದು ಒಂದು ಪಾಪ, ನಕಲಿಯನ್ನು ಅಸಲಿಯೆಂದು ಕೊಡುವುದು ಇನ್ನೊಂದು.

‘ನಾನ್-ಅಟೆಂಡಿಂಗ್ ಬಿ.ಎಡ್.’ ಎಂಬ ಮಾತನ್ನು ಕೇಳದವರು ಇಂದು ವಿರಳ. ಶುಲ್ಕ ಕಟ್ಟಿದವನು ಬೇರೆಲ್ಲೋ ಕೆಲಸದಲ್ಲಿರುತ್ತಾನೆ. ಅವನ ಹಾಜರಿ ಮಾತ್ರ ಪುಸ್ತಕದಲ್ಲಿ ತಪ್ಪದೆ ಬೀಳುತ್ತದೆ. ಶೇಕಡಾ 80 ಎಂಬ ನಿಯಮವು ಇಂತಹ ಕಡೆ ಹಾಜರಿಯನ್ನು ಹೆಚ್ಚಿಸಲಿಲ್ಲ, ಹಾಜರಿಯ ಬೆಲೆಯನ್ನು ಹೆಚ್ಚಿಸಿತು. ಸತ್ಯಾಣುವ್ರತದ ಅತಿಚಾರಗಳ ಪೈಕಿ ಕೂಟಲೇಖಕ್ರಿಯೆ ಎಂದು ಹೆಸರಿಸಿರುವುದು ಇದನ್ನೇ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ವರ್ಮಾ ಆಯೋಗವನ್ನು ಉಲ್ಲೇಖಿಸಿ, ಬಿಡಿಯಾಗಿ ನಡೆಯುವ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಪದವಿಯನ್ನು ಹಣಕ್ಕೆ ಮಾರುತ್ತಿವೆಯೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಸರಕಾರದ ದಸ್ತಾವೇಜಿನಲ್ಲಿ ಇಷ್ಟು ನಿಷ್ಠುರ ಸತ್ಯ ಅಪರೂಪ.

ಇಂಟರ್ನ್‌ಷಿಪ್‌ನ ಗತಿಯೂ ಚಿಂತಿಸತಕ್ಕದ್ದು. ನಮ್ಮ ಹೊಸ ತಿಪ್ಪಸಂದ್ರ, ಇಂದಿರಾನಗರ, ಕೃಷ್ಣರಾಜಪುರದ ಕಡೆಯ ಖಾಸಗಿ ಶಾಲೆಗಳಿಗೆ ಬರುವ ಪ್ರಶಿಕ್ಷಣಾರ್ಥಿಗಳನ್ನು ಎಷ್ಟೋ ಕಡೆ ರಜೆ ಹಾಕಿದ ಶಿಕ್ಷಕಿಯ ಪೀರಿಯಡ್ಡಿಗೆ ಕೂರಿಸಲಾಗುತ್ತದೆ. ಹಿರಿಯ ಶಿಕ್ಷಕಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿ, ಸಂಜೆ ತಪ್ಪು ತಿದ್ದಿದರೆ ಮಾತ್ರ ಅದು ಪೃಚ್ಛನಾ ಆದೀತು. ವಾರಗಳನ್ನು ಎಣಿಸಿದ ವಿನಿಯಮವು ಈ ತಿದ್ದುವ ಕೆಲಸಕ್ಕೆ ಶಾಲೆಯ ಹಿರಿಯ ಶಿಕ್ಷಕಿಗೆ ಬಿಡುವನ್ನೂ ಸಂಭಾವನೆಯನ್ನೂ ಖಚಿತಪಡಿಸಲಿಲ್ಲ. ಈ ಒಂದು ಲೋಪವು ಉಳಿದೆಲ್ಲ ಸುಧಾರಣೆಯ ಅರ್ಧವನ್ನು ನುಂಗಿದೆಯೆಂದು ನನ್ನ ಅಭಿಪ್ರಾಯ. (ಪ್ರವೇಶಾರ್ಹತೆಯ ಸಾಲಿನಲ್ಲಿ ವಿಜ್ಞಾನ, ಸಮಾಜವಿಜ್ಞಾನ, ಮಾನವಿಕ, ಇಂಜಿನಿಯರಿಂಗ್ ಪದವಿಗಳನ್ನು ಹೆಸರಿಸಿದ ಮೂಲಪಾಠವು ವಾಣಿಜ್ಯವನ್ನು ಹೆಸರಿಸಲಿಲ್ಲ. ಬಿ.ಕಾಂ. ಓದಿದವನಿಗೆ ಇದು ಚುಚ್ಚದೆ ಇರದು.)

ಅವಧಿಯ ಪ್ರಶ್ನೆಯಲ್ಲಿ ಪರಿಷತ್ತಿನ ಚಿತ್ತ ಸ್ಥಿರವಾಗಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಪ್ರಾರಂಭವಾದುದೇ ಪಿ.ಯು. ಮಟ್ಟದ ಬಳಿಕ ವಿಷಯಜ್ಞಾನವನ್ನೂ ಬೋಧನಕ್ರಮವನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಆಶಯದಿಂದ. ನಮ್ಮ ನಾಡಿನಲ್ಲಿಯೇ ಇದ್ದ ಈ ಮಾದರಿಯನ್ನು ಐದಾರು ದಶಕ ಹರಡದೆ ಬಿಟ್ಟು, 2020ರ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷದ ಸಮಗ್ರ ಪದವಿಯೇ ಕನಿಷ್ಠ ಅರ್ಹತೆಯೆಂದಿತು. 2025ರ ಕರಡು ವಿನಿಯಮವು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ ಒಂದು ವರ್ಷದ ಬಿ.ಎಡ್. ಪ್ರಸ್ತಾಪಿಸಿತು. ಮಧ್ಯದಲ್ಲಿ 2018ರಲ್ಲಿ ಬಿ.ಎಡ್. ಪಡೆದವರು ಒಂದರಿಂದ ಐದನೆಯ ತರಗತಿಗೂ ಪಾಠ ಮಾಡಬಹುದೆಂದು ಪರಿಷತ್ತು ಹೇಳಿತು. 2023ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಸಲ್ಲದೆಂದಿತು. ಆರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವುದು ಬೇರೆಯದೇ ವಿದ್ಯೆ ಎಂಬ ಆ ತೀರ್ಪಿನ ನಿಲುವು ನನಗೆ ಪೂರ್ಣ ಸಮ್ಮತ.

ಈಗ ನಮ್ಮ ಮನೆಯ ಮಾತು. 2014ರ ಜನವರಿಯಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದ ತೀರ್ಪು ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂದಾಗಲೂ, ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಶೀಲನೆಗೆ ಕಳುಹಿಸಿತು. ಈ ವಾರ್ತೆ ಕೇಳಿ ನಿಟ್ಟುಸಿರು ಬಿಟ್ಟ ಆಡಳಿತ ಮಂಡಳಿಗಳು ನಮ್ಮಲ್ಲಿಯೂ ಇರಬಹುದು. ತರಬೇತಿಯಿಲ್ಲದ ಪದವೀಧರೆಯನ್ನು ಅಲ್ಪ ಸಂಬಳಕ್ಕೆ ನೇಮಿಸಿ ಉಳಿಸಿದ ಹಣವನ್ನು ಮುಖಮಂಟಪದ ಅಮೃತಶಿಲೆಗೆ ಹಾಕುವುದು ಲೆಕ್ಕಪತ್ರದಲ್ಲಿ ಧರ್ಮಕಾರ್ಯವಾಗಿ ಕಾಣಬಹುದು. ಆದರೆ ಉಮಾಸ್ವಾಮಿಗಳು ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಜ್ಞಾನಕ್ಕೆ ಅಂತರಾಯ ಒಡ್ಡುವುದನ್ನೂ ಸೇರಿಸಿದ್ದಾರೆ. ನಲವತ್ತು ಮಕ್ಕಳ ಮುಂದೆ ಸಿದ್ಧತೆಯಿಲ್ಲದವರನ್ನು ವರ್ಷಗಟ್ಟಲೆ ನಿಲ್ಲಿಸುವುದು ಅಂತರಾಯವಲ್ಲದೆ ಮತ್ತೇನು? ತಪ್ಪು ಆ ಬಡ ಶಿಕ್ಷಕಿಯದಲ್ಲ, ಅವಳಿಗೆ ಬಿ.ಎಡ್. ಓದಲು ರಜೆಯನ್ನೂ ಶುಲ್ಕವನ್ನೂ ಕೊಡದ ಟ್ರಸ್ಟಿನದು.

ಸಂವಿಧಾನದ 30ನೆಯ ವಿಧಿ ನಮಗೆ ಇಷ್ಟವಾದ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿನ ಮರೆಯಲ್ಲಿ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಸಂಸ್ಥೆಗಿಂತ, ಬಲವಂತವಿಲ್ಲದಿದ್ದರೂ ತನ್ನ ಶಿಕ್ಷಕರನ್ನು ಪರೀಕ್ಷೆಗೆ ಸಜ್ಜುಗೊಳಿಸಿ, ಬೋಧನಾಭ್ಯಾಸಕ್ಕೆ ಬಂದವರಿಗೆ ಹಿರಿಯರ ಕೈಯಿಂದ ತಿದ್ದಿಸುವ ಸಂಸ್ಥೆಯನ್ನು ಕಟ್ಟಲು ನಮಗೆ ಯಾರ ಅಡ್ಡಿಯೂ ಇಲ್ಲ. ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿ ಕಟ್ಟಡದ ಚದರಡಿ, ದಾನಿಗಳ ನಾಮಾವಳಿ, ಠೇವಣಿಯ ಬಡ್ಡಿ ಎಲ್ಲವೂ ಅಚ್ಚಾಗುತ್ತವೆ. ಶಾಲೆಯಲ್ಲಿರುವ ಶಿಕ್ಷಕರೆಷ್ಟು, ಅವರಲ್ಲಿ ತರಬೇತಿ ಪಡೆದವರೆಷ್ಟು, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಷ್ಟು, ಈ ವರ್ಷ ಟ್ರಸ್ಟಿನ ವೆಚ್ಚದಲ್ಲಿ ಓದಲು ಹೋದವರೆಷ್ಟು ಎಂಬ ನಾಲ್ಕು ಅಂಕಿಗಳನ್ನು ಮುಂದಿನ ಮಹಾಸಭೆಯ ವರದಿಯಲ್ಲಿ ಸೇರಿಸಬೇಕೆಂದು ಸದಸ್ಯರು ಲಿಖಿತವಾಗಿ ಕೇಳಬಹುದು.