ಗುಡ್ಡದ ಓಟ: ಕಣ್ಣು ಕಾಲಿನ ಮೇಲಿರಲಿ

ಗೋಣಿಕೊಪ್ಪಲಿನಿಂದ ಪೊನ್ನಂಪೇಟೆ ದಾಟಿ ಕುಟ್ಟದ ಕಡೆ ಹೊರಟರೆ ದಾರಿಯಲ್ಲಿ ಹುದಿಕೇರಿ ಸಿಗುತ್ತದೆ. ತಗ್ಗಿನಲ್ಲಿ ಭತ್ತದ ಗದ್ದೆ, ಗದ್ದೆ ಮುಗಿದಲ್ಲೇ ಕಾಫಿ ತೋಟದ ಏರು. ಶ್ರೀಮಂಗಲದಾಚೆ 1,608 ಮೀಟರ್ ಎತ್ತರದ ಬ್ರಹ್ಮಗಿರಿ. ಇಂಥ ನೆಲದಲ್ಲಿ ಓಡುವುದನ್ನೇ ಈಗ ಟ್ರೇಲ್ ರನ್ ಎಂದು ಕರೆದು, ಎದೆಗೆ ನಂಬರ್ ಚೀಟಿ ಕಟ್ಟಿ ಓಡಿಸುತ್ತಾರೆ. ಹೆಸರು ಹೊಸದು. ಆದರೆ ಕಾಲಿಗೆ ಒಗ್ಗದ ನೆಲದಲ್ಲಿ ಓಡುವವರನ್ನು ನಿಂತು ನೋಡುವ ಚಟ ಕೊಡಗಿಗೆ ಹಳೆಯದು.

ಜಿ. ರಿಕ್ಟರ್ 1870ರಲ್ಲಿ ಹೊರತಂದ ಕೊಡಗಿನ ಕೈಪಿಡಿಯಲ್ಲಿ ನಾಟಿ ಓಟದ ವಿವರವಿದೆ. ಮನೆಯ ಅತಿ ದೊಡ್ಡ ಗದ್ದೆಯಲ್ಲಿ ನಾಟಿ ಮುಗಿಸುವ ಮುನ್ನ ಉದ್ದಕ್ಕೂ ಸುಮಾರು ಹತ್ತು ಅಡಿ ಅಗಲದ ಪಟ್ಟಿಯನ್ನು ಖಾಲಿ ಬಿಡುತ್ತಿದ್ದರು. ನಾಟಿಗೆ ಬಂದ ಗಂಡಸರು ಅದರಲ್ಲಿ ಓಡಬೇಕು. ಮೊದಲು ಬಂದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ. ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಆ ಓಟ ಇಂದಿಗೂ ಉಳಿದಿದೆ. ರಸ್ತೆಯಲ್ಲಿ ಮಿಂಚುವ ಹುಡುಗ ಉದ್ದುದ್ದ ಹೆಜ್ಜೆ ಹಾಕಿ ನಾಲ್ಕನೆಯದಕ್ಕೇ ಮುಗ್ಗರಿಸುತ್ತಾನೆ. ಮಂಡಿ ಎತ್ತಿ, ಗಿಡ್ಡ ಹೆಜ್ಜೆಯಲ್ಲಿ ಪಟಪಟನೆ ಕಾಲು ಕಿತ್ತುಕೊಂಡು ಹೋಗುವವನು ದಡ ಸೇರುತ್ತಾನೆ. ಗುಡ್ಡದ ಓಟದ ಮೊದಲ ಪಾಠವೂ ಇದೇ.

ಹೊಸ ರಸಿಕರು ಮೊದಲು ಕೈಗಡಿಯಾರ ಬಿಚ್ಚಿಡುವುದು ಒಳ್ಳೆಯದು. 'ಹತ್ತು ಕಿಲೋಮೀಟರಿಗೆ ಎಷ್ಟು ನಿಮಿಷ?' ಎಂಬ ಪ್ರಶ್ನೆ ಇಲ್ಲಿ ನಡೆಯದು. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಸ್ಥೆಯ ಲೆಕ್ಕದಲ್ಲಿ 100 ಮೀಟರ್ ಏರಿದರೆ ಒಂದು ಕಿಲೋಮೀಟರ್ ಹೆಚ್ಚು ಓಡಿದಂತೆ. ಅಂದರೆ ಒಟ್ಟು 1,000 ಮೀಟರ್ ಏರಿರುವ 20 ಕಿಲೋಮೀಟರ್ ದಾರಿ 30ಕ್ಕೆ ಸಮ. ಆಲ್ಪ್ಸ್ ಪರ್ವತದ ಹೆಸರಾಂತ ಯು.ಟಿ.ಎಂ.ಬಿ. ಓಟ ಸುಮಾರು 170 ಕಿಲೋಮೀಟರಿನದು, ಏರು ಸುಮಾರು 10,000 ಮೀಟರ್. ಅಲ್ಲಿ ಗೆಲ್ಲುವವರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ. ಏರು ಕಡಿದಾದಂತೆ ಓಟಕ್ಕಿಂತ ಬಿರುಸು ನಡಿಗೆಗೇ ಕಸುವು ಕಡಿಮೆ ಸಾಕು. ಹಾಗಾಗಿ ತೊಡೆಯ ಮೇಲೆ ಕೈಯೂರಿ ನಡೆಯುವವರನ್ನು ಕಂಡು 'ಅಯ್ಯೋ, ಸುಸ್ತಾದ' ಎಂದು ಮರುಗಬೇಕಿಲ್ಲ. ಅದು ಲೆಕ್ಕಾಚಾರ.

ನಿಜವಾದ ಕಲೆ ಇರುವುದು ಇಳಿಜಾರಿನಲ್ಲಿ. ತರಗೆಲೆ ಮುಚ್ಚಿದ, ಬೇರು ಚಾಚಿದ ತೋಟದ ದಾರಿ ಎಂದಿಟ್ಟುಕೊಳ್ಳಿ. ಹೆದರಿದವನು ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ಬ್ರೇಕ್ ಹಾಕುತ್ತಾನೆ. ಹಿಮ್ಮಡಿ ಜಾರುತ್ತದೆ, ಕುಂಡೆ ನೆಲಕ್ಕೆ ತಾಗುತ್ತದೆ. ಪಳಗಿದವನ ಮೈ ಇಳಿಜಾರಿನೊಂದಿಗೇ ತುಸು ಮುಂದಕ್ಕೆ ಬಾಗಿರುತ್ತದೆ. ತೋಳು ಎರಡೂ ಬದಿಗೆ ಅಗಲ, ಕಣ್ಣು ನಾಲ್ಕೈದು ಹೆಜ್ಜೆ ಮುಂದೆ. ಪಾದ ಕಲ್ಲನ್ನು ಮುಟ್ಟುವಷ್ಟರಲ್ಲಿ ಬಿಟ್ಟಿರುತ್ತದೆ. ನೋಡಲು ಸಲೀಸು, ತೊಡೆಗೆ ಮಾತ್ರ ಶಿಕ್ಷೆ. ಇಳಿಯುವಾಗ ಮುಂದೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕು. ಅದಕ್ಕೇ ಮಾರನೆಯ ದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ.

ಓಡುವ ಆಸೆಯೂ ಹುಟ್ಟಿದರೆ ಹೊರಡುವ ಗೆರೆಯ ಬಳಿ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ. ಅಲ್ಲಿ ಇನ್ನೊಂದು ಆಟ ನಡೆದಿರುತ್ತದೆ. ಒಬ್ಬ ಮೂರನೆಯ ಸಲ ಲೇಸ್ ಬಿಚ್ಚಿ ಕಟ್ಟುತ್ತಿದ್ದಾನೆ. ಇನ್ನೊಬ್ಬಳು ಈಗಷ್ಟೇ ಬಂದು ಮತ್ತೆ ಶೌಚಾಲಯದ ಸಾಲಿನಲ್ಲಿ ನಿಂತಿದ್ದಾಳೆ. ಮೂರನೆಯವನು ಯಾರೂ ಕೇಳದಿದ್ದರೂ ಜೋಕ್ ಹೇಳುತ್ತಿದ್ದಾನೆ. ಎಲ್ಲ ಅಡ್ರಿನಲಿನ್ ಕೆಲಸ. ಎದೆಬಡಿತ ಏರುತ್ತದೆ, ಹೊಟ್ಟೆಯ ಕಡೆಗಿನ ರಕ್ತ ಸ್ನಾಯುಗಳತ್ತ ತಿರುಗುತ್ತದೆ, ತಿಂದ ಇಡ್ಲಿ ಅಲ್ಲೇ ಕೂರುತ್ತದೆ. ಇದು ರೋಗವಲ್ಲ, ಮೈಯ ತಯಾರಿ.

ಈ ಅಳುಕನ್ನು ಅದುಮಿಡಲು ಹೋಗುವವರೇ ಹೆಚ್ಚು ಒದ್ದಾಡುತ್ತಾರೆ. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ, ಭಾಷಣ ಮಾಡುವ, ಗಣಿತ ಬಿಡಿಸುವ ಮುನ್ನ ಅಳುಕನ್ನು 'ಹುಮ್ಮಸ್ಸು' ಎಂದು ಕರೆದುಕೊಂಡವರು, ಶಾಂತವಾಗಿರಲು ಯತ್ನಿಸಿದವರಿಗಿಂತ ಚೆನ್ನಾಗಿ ಮಾಡಿದ್ದರು. ಓಟಗಾರರನ್ನು ಅಲ್ಲಿ ಪರೀಕ್ಷಿಸಿರಲಿಲ್ಲ, ಆದರೂ ಈ ಉಪಾಯಕ್ಕೆ ಖರ್ಚೇನಿಲ್ಲ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದು ಇನ್ನೊಂದು. ಹಿಂದಿನ ರಾತ್ರಿಯೇ ಬಟ್ಟೆ, ಶೂ, ನೀರಿನ ಬಾಟಲಿ ಜೋಡಿಸಿಟ್ಟರೆ ಬೆಳಗಿನ ಅರ್ಧ ಗಲಿಬಿಲಿ ತಪ್ಪುತ್ತದೆ. ಪಂದಿಕರಿ, ಕಡುಬು ಓಟ ಮುಗಿದ ಮೇಲಿರಲಿ. ಹೊಸ ಶೂ, ಹೊಸ ತಿಂಡಿ ಆ ದಿನ ಬೇಡವೇ ಬೇಡ. ಮೊದಲ ಏರಿನಲ್ಲಿ ನಾಲ್ಕು ಮಂದಿ ಹಿಂದಿಕ್ಕಿದರೆ ಹಿಂದಿಕ್ಕಲಿ. ಜಿಗಣೆಗೆ ಮಾತ್ರ ಧೈರ್ಯದ ಮಾತು ನಾಟುವುದಿಲ್ಲ, ಉದ್ದ ಕಾಲುಚೀಲ ಬೇಕು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟ ನೋಡಲು ಹೋದರೆ ಮುಕ್ತಾಯದ ಕಮಾನಿನ ಕೆಳಗೆ ಕಾಯಬೇಡಿ. ಅಲ್ಲಿ ಕಾಣುವುದು ಬಳಲಿದ ಮುಖ ಮತ್ತು ಫೋಟೋ ಅಷ್ಟೇ. ಒಂದು ದೊಡ್ಡ ಇಳಿಜಾರಿನ ಬುಡದಲ್ಲಿ, ತಿರುವಿನ ಒಳಮಗ್ಗುಲಿಗೆ, ದಾರಿ ಬಿಟ್ಟು ನಿಲ್ಲಿ. ಜೊತೆಗೆ ನಾಯಿ ತಂದಿದ್ದರೆ ದಯವಿಟ್ಟು ಕಟ್ಟಿಹಾಕಿ.