ಚಿತ್ರದಲ್ಲಿ ಬಿಟ್ಟುಹೋದ ಚರ್ಮ

ಬಸ್ ಸ್ಟ್ಯಾಂಡ್ ಶೌಚಾಲಯದಲ್ಲಿ ಅಂಟಿಸಿರೋ ‘ಗುಪ್ತರೋಗಕ್ಕೆ ಚಿಕಿತ್ಸೆ’ ಚೀಟಿಯನ್ನ ಒಂದು ಬರಹ ಅಂತ ಓದಿ ನೋಡಿ. ರೋಗದ ಹೆಸರಿಲ್ಲ, ಲಕ್ಷಣ ಇಲ್ಲ, ಕೆಳಗೊಂದು ಫೋನ್ ನಂಬರು. ಪೂರ್ತಿ ಕೆಲಸ ಮಾಡೋದು ‘ಗುಪ್ತ’ ಅನ್ನೋ ಒಂದೇ ಪದ. ಅಲ್ಲಿ ಏನೇ ಕಂಡರೂ ಅದು ರೋಗ, ರೋಗ ಅಂದರೆ ಏನೋ ತಪ್ಪು ಮಾಡಿದ್ದೀಯ, ಅದಕ್ಕೇ ಯಾರಿಗೂ ಹೇಳಬೇಡ.

ಈ ಚೀಟಿಗೆ ಉತ್ತರ ಕೊಡಬೇಕಾದದ್ದು ಪಠ್ಯಪುಸ್ತಕ. ಪಿಯುಸಿ ಜೀವಶಾಸ್ತ್ರದ ಚಿತ್ರದಲ್ಲಿ ಪ್ರಾಸ್ಟೇಟ್‌ಗೆ, ಕೌಪರ್ ಗ್ರಂಥಿಗೆ ಗುರುತು ಹಾಕಿ ಮಾರ್ಕ್ಸ್ ತಗೊಂಡವರು ನಾವು. ಆದರೆ ಅವೆಲ್ಲ ಒಳಗಿನ ಗ್ರಂಥಿಗಳು, ಕಣ್ಣಿಗೆ ಕಾಣೋದಿಲ್ಲ. ಕಣ್ಣಿಗೆ ಕಾಣೋ ಚರ್ಮ ಆ ಚಿತ್ರದಲ್ಲಿ ಬರೀ ಒಂದು ಗೆರೆ. ಹುಡುಗರ ಅನುಮಾನ ಶುರುವಾಗೋದು ಆ ಗೆರೆಯ ಮೇಲೆಯೇ.

ಆ ಚರ್ಮದಲ್ಲೂ ಎಣ್ಣೆ ಗ್ರಂಥಿಗಳಿವೆ. ಸಾಮಾನ್ಯವಾಗಿ ಅವು ಕೂದಲ ಬುಡಕ್ಕೆ ಅಂಟಿಕೊಂಡಿರುತ್ತವೆ. ಕೆಲವು ಕೂದಲಿನ ಹಂಗಿಲ್ಲದೆ ನೇರ ಚರ್ಮಕ್ಕೇ ತೆರೆದುಕೊಂಡು, 1ರಿಂದ 3 ಮಿಲಿಮೀಟರಿನ ತಿಳಿಹಳದಿ ಚುಕ್ಕೆಗಳಾಗಿ ಕಾಣುತ್ತವೆ. ಅಮೆರಿಕದ ಚರ್ಮವೈದ್ಯ ಫೋರ್ಡೈಸ್ 1896ರಲ್ಲೇ ಇಂಥ ಚುಕ್ಕೆಗಳನ್ನು ವರ್ಣಿಸಿದ್ದ. ತುಟಿಯ ಮೇಲೂ ಇರುತ್ತವೆ, ಅಲ್ಲಿದ್ದರೆ ಯಾರೂ ನಿದ್ದೆಗೆಡಲ್ಲ. ಇನ್ನು ಶಿಶ್ನದ ತುದಿಯ ಅಂಚಿಗೆ ಮುತ್ತು ಪೋಣಿಸಿದ ಹಾಗಿರೋ ಸಣ್ಣ ಗುಳ್ಳೆಗಳ ಸಾಲು ಗ್ರಂಥಿಯೂ ಅಲ್ಲ, ರೋಗವೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ.

ವೃಷಣಚೀಲದ ಚರ್ಮದಲ್ಲಿ ಬಟಾಣಿಯಂಥ ಗಂಟು ಸಿಕ್ಕರೆ ಅದು ಹೆಚ್ಚಾಗಿ ಎಪಿಡರ್ಮಾಯ್ಡ್ ಸಿಸ್ಟ್. ‘ಸೆಬೇಷಿಯಸ್ ಸಿಸ್ಟ್’ ಅನ್ನೋ ರೂಢಿಯ ಹೆಸರೇ ದಾರಿ ತಪ್ಪಿಸುತ್ತೆ. ಅದರೊಳಗಿರೋದು ಗ್ರಂಥಿಯ ಎಣ್ಣೆ ಅಲ್ಲ, ಉಗುರು, ಕೂದಲಲ್ಲಿರೋ ಕೆರಾಟಿನ್. ಹಿಸುಕಿದರೆ ಒಳಗೇ ಒಡೆದು ಊದಿಕೊಳ್ಳಬಹುದು, ಕೀವಾಗಬಹುದು. ತೊಂದರೆ ಕೊಡದಿದ್ದರೆ ಹಾಗೇ ಬಿಡಬಹುದು.

ಹಾಗಂತ ‘ಎಲ್ಲಾ ನಾರ್ಮಲ್, ಗಾಬರಿ ಬೇಡ’ ಅಂತ ಮುಗಿಸಿಬಿಡೋ ಆರೋಗ್ಯ ಅಂಕಣಗಳ ಮೇಲೂ ನನಗೆ ತಕರಾರಿದೆ. ಚೀಟಿ ಎಲ್ಲವನ್ನೂ ರೋಗ ಮಾಡುತ್ತೆ, ಅಂಕಣ ಎಲ್ಲವನ್ನೂ ಮಾಮೂಲಿ ಮಾಡುತ್ತೆ. ವ್ಯತ್ಯಾಸ ಹೇಗೆ ಗುರುತಿಸೋದು ಅಂತ ಎರಡೂ ಹೇಳಲ್ಲ. ಚರ್ಮದ ಜೊತೆ ಜರುಗೋ ಗಂಟು ಬೇರೆ, ಬೀಜಕ್ಕೇ ಅಂಟಿರೋ ಗಟ್ಟಿ ಗಂಟು ಬೇರೆ. ಎರಡನೆಯದು ನೋಯದಿದ್ದರೂ ತಡ ಮಾಡದೆ ತೋರಿಸಬೇಕು, ಯಾಕಂದ್ರೆ ವೃಷಣದ ಕ್ಯಾನ್ಸರ್ ಯುವಕರಲ್ಲೇ ಹೆಚ್ಚು. ಒಂದು ಅಲ್ಟ್ರಾಸೌಂಡ್‌ನಲ್ಲಿ ಬಹಳಷ್ಟು ಗೊತ್ತಾಗುತ್ತೆ. ಹೂಕೋಸಿನ ಹಾಗೆ ಬೆಳೀತಾ ಹೋಗೋ ಗುಳ್ಳೆ ಎಚ್‌ಪಿವಿ ವೈರಸ್ಸಿನದಿರಬಹುದು. ನೋವಿಲ್ಲದ ಹುಣ್ಣು ಸಿಫಿಲಿಸ್ ಇರಬಹುದು, ತಾನಾಗಿ ಮಾಯ್ದರೂ ರೋಗ ಒಳಗೇ ಉಳಿದಿರುತ್ತೆ.

ಇವನ್ನೆಲ್ಲ ನೋಡಿ ಹೇಳೋಕೆ ಮೊದಲು ಹೋಗಬೇಕಾದದ್ದು ಮೊಡವೆಗೆ ಹೋಗ್ತೀವಲ್ಲ, ಅದೇ ಚರ್ಮದ ಡಾಕ್ಟರ ಹತ್ತಿರ. ನಮ್ಮ ದೇಶದಲ್ಲಿ ಚರ್ಮರೋಗ, ಲೈಂಗಿಕ ರೋಗ ಎರಡನ್ನೂ ಒಂದೇ ಕೋರ್ಸಿನಲ್ಲಿ ಓದಿರ್ತಾರೆ. ಪಠ್ಯಪುಸ್ತಕದ ಆ ಗೆರೆಗೂ ಒಂದು ಗುರುತು ಹಾಕಿ ‘ಚರ್ಮ: ಇಲ್ಲೂ ಗ್ರಂಥಿಗಳಿವೆ’ ಅಂತ ಬರೆದರೆ, ಚೀಟಿಯಲ್ಲಿರೋ ನಂಬರಿಗೆ ಹೋಗೋ ಎಷ್ಟೋ ಫೋನ್ ಕರೆಗಳು ನಿಲ್ಲುತ್ತವೆ.